ಕೈ ಕೊಟ್ಟ ಬೆಕ್ಕು

ಡಿ.ಎಡ್. ಓದುವಾಗ ಅಮೆರಿಕದ ಮನೋವಿಜ್ಞಾನಿ ಥಾರ್ನ್‌ಡೈಕನ ಬೆಕ್ಕಿನ ಮೇಲೆ ಹತ್ತು ಅಂಕದ ಉತ್ತರವನ್ನು ಬಾಯಿಪಾಠ ಮಾಡಿದ್ದೆ. ಮೇಷ್ಟ್ರಾದವರಿಗೆಲ್ಲ ಇದು ಗೊತ್ತು. ಪಾವ್ಲೋವನ ನಾಯಿ, ಸ್ಕಿನ್ನರನ ಇಲಿ, ಥಾರ್ನ್‌ಡೈಕನ ಬೆಕ್ಕು. ಹಸಿದ ಬೆಕ್ಕನ್ನು ಪಟ್ಟಿ ಹೊಡೆದ ಪೆಟ್ಟಿಗೆಯಲ್ಲಿ ಕೂಡಿಹಾಕಿ, ಹೊರಗೆ ತಿಂಡಿ ಇಟ್ಟ. ಬೆಕ್ಕು ಪರಚಿತು, ಕಚ್ಚಿತು, ಒದ್ದಾಡಿತು. ಹೀಗೇ ಒಮ್ಮೆ ಕಾಲು ದಾರಕ್ಕೆ ತಾಗಿ ಬಾಗಿಲು ತೆರೆಯಿತು. ಮತ್ತೆ ಮತ್ತೆ ಹಾಕಿದಾಗ ಹೊರಗೆ ಬರುವ ಹೊತ್ತು ಕಡಿಮೆ ಆಗುತ್ತಾ ಹೋಯಿತು. ಅವನು ಇದನ್ನು ಪ್ರಕಟಿಸಿದ್ದು 1898ರಲ್ಲಿ. ಸಿದ್ಧತಾ ನಿಯಮ, ಅಭ್ಯಾಸ ನಿಯಮ, ಪರಿಣಾಮ ನಿಯಮ ಅಂತ ಮೂರು ನಿಯಮ ಬರೆದು, ಚಿತ್ರ ಬಿಡಿಸಿದರೆ ಒಂದು ಅಂಕ ಜಾಸ್ತಿ.

ಆ ಬೆಕ್ಕು ಪರೀಕ್ಷೆಯ ಕೋಣೆಯಲ್ಲೇ ಉಳಿಯಿತು. ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೆ, ಕಳೆದ ಮಳೆಗಾಲದಲ್ಲಿ, ನಿಜವಾದ ಬೆಕ್ಕಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ.

ನಮ್ಮ ಮನೆ ಕೊಡಗಿನ ಮಾದಾಪುರದ ಹತ್ತಿರ. ಮೂರು ಎಕರೆ ಕಾಫಿ, ಮಧ್ಯೆ ಹಂಚಿನ ಮನೆ. ಹಿಂದೆ ಅಡುಗೆಮನೆಗೆ ಸೇರಿಸಿ ಜಿಂಕ್ ಶೀಟಿನ ಮಾಡು. ಮೆಣಸಿನ ಮೂಟೆಗಳ ಮಧ್ಯೆ ಹುಟ್ಟಿದ್ದಕ್ಕೆ, ಮೇಲಾಗಿ ಕಪ್ಪಗಿದ್ದದ್ದಕ್ಕೆ ಬೆಕ್ಕಿನ ಹೆಸರು ಮೆಣಸು. ಪಕ್ಕದ ತೋಟದ ಅಕ್ಕ ಮಾತ್ರ ಕೊಡವ ತಕ್ಕ್‌ನಲ್ಲಿ "ಪೂಚೆ" ಅಂತಲೇ ಕರೆಯುತ್ತಾರೆ. ಎರಡಕ್ಕೂ ಅದು ತಿರುಗಿ ನೋಡುವುದಿಲ್ಲ.

ಕಲಿಸಬೇಕು ಅಂತ ಅನಿಸಿದ್ದು ಸುಮ್ನೆ ಅಲ್ಲ. ಹಿಂದಿನ ವರ್ಷ ಲಸಿಕೆ ಹಾಕಿಸಲು ಅದನ್ನು ಗೋಣಿಚೀಲದಲ್ಲಿ ಹಾಕಿ ಜೀಪಿನಲ್ಲಿ ಒಯ್ದಿದ್ದೆವು. ಅರ್ಧ ದಾರಿಯಲ್ಲಿ ಚೀಲ ಹರಿಯಿತು. ಹೊರಗೆ ಬಂದ ಮೆಣಸು ನಮ್ಮವರ ಮೊಣಕೈಯಿಂದ ಮಣಿಕಟ್ಟಿನ ತನಕ ಗೆರೆ ಎಳೆಯಿತು. ಅವತ್ತು ಇಂಜೆಕ್ಷನ್ ತಗೊಂಡಿದ್ದು ಬೆಕ್ಕಲ್ಲ, ನಮ್ಮವರು. ಅದಾದ ಮೇಲೆ ಕುಶಾಲನಗರದಿಂದ ಬಾಗಿಲಿರುವ ಪ್ಲಾಸ್ಟಿಕ್ ಪೆಟ್ಟಿಗೆ ತಂದೆವು. ಆ ಪೆಟ್ಟಿಗೆ ಕಂಡರೆ ಮೆಣಸು ಅಟ್ಟ ಹತ್ತುತ್ತಿತ್ತು.

ಜುಲೈನಲ್ಲಿ ಮಳೆ ರಜೆ ಬಂತು. 2018ರ ಆಗಸ್ಟಿನ ಮಳೆ, ಗುಡ್ಡ ಕುಸಿತ ಆದ ಮೇಲೆ ನಮ್ಮ ಕಡೆ ಜೋರು ಮಳೆ ಅಂದರೆ ಎಲ್ಲರಿಗೂ ಎದೆ ಒಮ್ಮೆ ಧಸಕ್ ಅನ್ನುತ್ತದೆ. ಕರೆಂಟ್ ಹೋಗಿ ಮೂರು ದಿನ. ನೆಟ್‌ವರ್ಕ್ ಇಲ್ಲ. ಮಗಳು ಮೊಬೈಲ್ ಹಿಡಿದು ಗೇಟಿನ ತನಕ ಹೋಗಿ ಬರುತ್ತಾಳೆ, ಇಂಬಳ ಕಚ್ಚಿಸಿಕೊಂಡು. ಇನ್ನೇನು ಮಾಡುವುದು? "ಬೆಕ್ಕಿಗೆ ಪೆಟ್ಟಿಗೆ ಒಳಗೆ ಹೋಗೋದು ಕಲಿಸೋಣ" ಅಂದೆ. ಮಗಳು, "ಕೈ ಕೊಡೋದೂ ಕಲ್ಸಮ್ಮ" ಅಂದಳು. ಪೇಪರ್ ಓದುತ್ತಿದ್ದ ನಮ್ಮವರು ತಲೆ ಎತ್ತದೆ, "ಕರೆಂಟು ಕೈ ಕೊಟ್ಟಾಯ್ತು, ಟವರ್ ಕೈ ಕೊಟ್ಟಾಯ್ತು. ಇನ್ನು ಬೆಕ್ಕೂ ಕೊಡ್ಲಿ ಬಿಡು" ಅಂದರು.

ಅತ್ತೆ ನಕ್ಕರು. "ಬೆಕ್ಕಿಗೆ ಯಾರಾದ್ರೂ ಪಾಠ ಹೇಳ್ತಾರೇನಮ್ಮ? ನಿಂಗೆ ಶಾಲೆ ಮಕ್ಳು ಸಾಲ್ದಾ?"

ಮೊದಲ ಪ್ರಶ್ನೆ ಕೂಲಿ ಏನು ಕೊಡುವುದು ಅನ್ನೋದು. ಮೀನು ಅಂದುಕೊಂಡೆ. ಆದರೆ ಜೂನ್ 1ರಿಂದ ಜುಲೈ 31ರ ತನಕ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮತ್ತಿ, ಬಂಗುಡೆ ಸಿಕ್ಕಿದರೆ ಚಿನ್ನದ ಬೆಲೆ. ಒಣಮೀನಿನಲ್ಲಿ ಉಪ್ಪು ಜಾಸ್ತಿ. ಹಾಲು ಎಲ್ಲರ ಮೊದಲ ಯೋಚನೆ, ಆದರೆ ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಜೀರ್ಣ ಆಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಕೊನೆಗೆ ಕೋಳಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಬರೀ ನೀರಿನಲ್ಲಿ ಬೇಯಿಸಿದ್ದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ ಅನ್ನೋದು ನಮ್ಮಲ್ಲಿ ಸುಮಾರು ಜನರಿಗೆ ಗೊತ್ತಿಲ್ಲ, ಸಾರಿನ ತುಂಡು ಹಾಗೇ ಹಾಕುತ್ತಾರೆ. ಬೆಂದ ಎದೆಮಾಂಸವನ್ನು ಕಡಲೆಬೇಳೆ ಗಾತ್ರಕ್ಕೆ ಹರಿದೆ. ಹೆಬ್ಬೆರಳು ಗಾತ್ರ ಕೊಟ್ಟರೆ ನಾಲ್ಕು ತುಂಡಿಗೆ ಹೊಟ್ಟೆ ತುಂಬಿ ತರಗತಿ ಮುಗಿಯುತ್ತದೆ.

ಸಿಹಿ ಕೊಟ್ಟು ಒಲಿಸಲು ಆಗುವುದೇ ಇಲ್ಲ. ಇದನ್ನು ನಂಬದವರು ನಮ್ಮ ಅತ್ತೆ. ಕೊಡವರ ಕಕ್ಕಡ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡಿದಾಗ ಬೆಕ್ಕಿಗೂ ಒಂದು ಚಮಚ ಇಟ್ಟರು. ಆ ನೇರಳೆ ಬಣ್ಣ, ಬೆಲ್ಲ, ತುಪ್ಪ. ಮೆಣಸು ತುಪ್ಪದ ಅಂಚು ಮೂಸಿತು, ಕಾಲು ಒದರಿತು, ಕೋಳಿ ಸಾರಿನ ಪಾತ್ರೆ ಕಡೆ ಹೊರಟಿತು. ಸಿಹಿಯನ್ನು ಗುರುತಿಸುವ ಜೀನ್ ಬೆಕ್ಕಿನ ಜಾತಿಯಲ್ಲೇ ಕೆಟ್ಟುಹೋಗಿದೆ ಅಂತ ವಿಜ್ಞಾನಿಗಳು 2005ರಲ್ಲಿ ಕಂಡುಹಿಡಿದಿದ್ದಾರೆ. ಹುಲಿಗೂ ಹಾಗೇ ಅಂತೆ. ಬೆಲ್ಲದ ರುಚಿಯೇ ಗೊತ್ತಿಲ್ಲದ ಜೀವ!

ದುಬಾರೆ ಆನೆ ಶಿಬಿರಕ್ಕೆ ಮಕ್ಕಳನ್ನು ಕರಕೊಂಡು ಹೋದಾಗಿನ ಒಂದು ಮಾತು ನೆನಪಾಗುತ್ತದೆ. ಆನೆಗೆ ರಾಗಿ ಮುದ್ದೆ ಕೊಡುತ್ತಿದ್ದ ಕಾವಾಡಿಯೊಬ್ಬರನ್ನು, "ಬೆಕ್ಕಿಗೂ ಹೀಗೆ ಕಲಿಸ್ಬೋದಾ?" ಅಂತ ತಮಾಷೆಗೆ ಕೇಳಿದ್ದೆ. ಅವರು ನಗಲಿಲ್ಲ. "ಆನೆ ಕಾಲಿಗೆ ಸರಪಳಿ ಇದೆ ಮೇಡಂ. ಬೆಕ್ಕು ಬೇಜಾರಾದ್ರೆ ಎದ್ದು ಹೋಗುತ್ತೆ" ಅಂದರು.

ಎದ್ದು ಹೋಗುತ್ತದೆ ಅನ್ನೋದೇ ಇಡೀ ಕತೆ. ಶಾಲೆಯಲ್ಲಿ ನನ್ನ ಹತ್ತಿರ ಗಂಟೆ ಇದೆ, ಹಾಜರಿ ಪುಸ್ತಕ ಇದೆ. ಇಲ್ಲಿ ಏನೂ ಇಲ್ಲ.

ಕೋಳಿ ಸಿದ್ಧ ಆದ ಮೇಲೆ ಸದ್ದು. ಬೆಕ್ಕು ಸರಿಯಾದ ಕೆಲಸ ಮಾಡಿದ ಆ ಗಳಿಗೆಯಲ್ಲೇ "ಹೌದು, ಇದೇ" ಅಂತ ಹೇಳಬೇಕು. ತುಂಡು ಬಾಯಿಗೆ ತಲುಪುವಷ್ಟರಲ್ಲಿ ಎರಡು ಸೆಕೆಂಡ್ ಆಗಿರುತ್ತದೆ, ಅಷ್ಟರಲ್ಲಿ ಅದು ಇನ್ನೇನೋ ಮಾಡಿರುತ್ತದೆ. ಅದಕ್ಕೆ ಕ್ಲಿಕ್ಕರ್ ಅಂತ ಮಾರುತ್ತಾರೆ. ನಾನು ಒತ್ತುವ ಪೆನ್ನು ತಗೊಂಡೆ. ಕೆಂಪು ಇಂಕಿನದ್ದು, ನೋಟ್ಸ್ ತಿದ್ದುವುದು. ಮೊದಲ ದಿನ ಏನೂ ಕಲಿಸಲಿಲ್ಲ. ಟಿಕ್ ಅನಿಸುವುದು, ತುಂಡು ಕೊಡುವುದು. ಟಿಕ್, ತುಂಡು. ಹದಿನೈದು ಇಪ್ಪತ್ತು ಸಲ. ಎರಡನೇ ದಿನ ಸಂಜೆ ಅದು ಕಿಟಕಿ ಕಡೆ ನೋಡುತ್ತಿದ್ದಾಗ ಟಿಕ್ ಅನಿಸಿದೆ. ಮೊದಲು ಒಂದು ಕಿವಿ ತಿರುಗಿತು, ಆಮೇಲೆ ತಲೆ, ಆಮೇಲೆ ಇಡೀ ಬೆಕ್ಕು. ಸದ್ದಿನ ಅರ್ಥ ಆಗಿದೆ ಅಂತ ಗೊತ್ತಾಯಿತು.

ಹೊತ್ತು ರಾತ್ರಿ ಊಟಕ್ಕೆ ಮುಂಚೆ. ಹಸಿವು ಇರಬೇಕು, ಹಸಿವಿನಿಂದ ಸಿಟ್ಟು ಬಂದಿರಬಾರದು. ಸಿದ್ಧತಾ ನಿಯಮ! ಒಂದು ಸಲಕ್ಕೆ ಮೂರು ನಿಮಿಷ, ಹತ್ತು ತುಂಡು, ಅಷ್ಟೇ. ನಲವತ್ತು ನಿಮಿಷದ ಪೀರಿಯಡ್ ಅಭ್ಯಾಸ ಆದವಳಿಗೆ ನಿಲ್ಲಿಸುವುದೇ ಕಷ್ಟ ಆಯಿತು.

"ಕೂತ್ಕೋ" ಸುಲಭ. ತುಂಡನ್ನು ಮೂಗಿನ ಮುಂದೆ ಹಿಡಿದು ತಲೆ ಮೇಲಿಂದ ನಿಧಾನ ಹಿಂದಕ್ಕೆ ಒಯ್ದರೆ, ತಲೆ ಎತ್ತಿದಂತೆ ಹಿಂಭಾಗ ತಾನೇ ನೆಲಕ್ಕೆ ಬರುತ್ತದೆ. ಒತ್ತಿ ಕೂರಿಸಬಾರದು. ಒತ್ತಿದರೆ ಎದ್ದು ಹೋಗುತ್ತದೆ. ಎರಡು ದಿನದಲ್ಲಿ ಕೂತಿತು. ನಾಲ್ಕನೇ ದಿನ ಕೂತು "ಮ್ಯಾಂವ್" ಅಂದಿತು. ಐದನೇ ದಿನವೂ ಕೂತು "ಮ್ಯಾಂವ್". ಎರಡೂ ಒಂದೇ ಪದ ಅನ್ನುವಂತೆ. ಯಾಕೆ ಅಂತ ಯೋಚಿಸಿದರೆ ತಪ್ಪು ನನ್ನದೇ. ಅದು ಕೂತ ತಕ್ಷಣ ಒತ್ತಬೇಕಿದ್ದ ಪೆನ್ನನ್ನು ಒಂದು ಸೆಕೆಂಡ್ ತಡವಾಗಿ ಒತ್ತುತ್ತಿದ್ದೆ. ಆ ಸೆಕೆಂಡಿನಲ್ಲಿ ಅದು ಕೂಗುತ್ತಿತ್ತು. ನಾನು ಕಲಿಸಿದ್ದು ಕೂರುವುದಲ್ಲ, ಕೂತು ಕೂಗುವುದು.

ಬಿಡಿಸಲು ಒಂದೇ ದಾರಿ. ಕೂಗದೆ ಕೂತರೆ ಮಾತ್ರ ಟಿಕ್, ಕೂಗಿದರೆ ಏನೂ ಇಲ್ಲ. ಆಗ ಮೊದಲು ಕೂಗು ಕಡಿಮೆ ಆಗುವುದಿಲ್ಲ, ಜೋರಾಗುತ್ತದೆ. ಇದು ಗೊತ್ತಿದ್ದರೂ ತಡೆದುಕೊಳ್ಳುವುದು ಕಷ್ಟ. ಎರಡು ದಿನ ಮನೆ ಎದ್ದು ಹೋಗುವಂತೆ ಅರಚಿತು. ನನ್ನ ಸೆರಗು ಹತ್ತಿತು. ಮೂರನೇ ದಿನವೂ ಯಾಕೆ ಕಡಿಮೆ ಆಗಲಿಲ್ಲ ಅಂತ ನೋಡಿದರೆ, ಅಡುಗೆಮನೆಯಲ್ಲಿ ಅತ್ತೆ ಗುಟ್ಟಾಗಿ ತುಂಡು ಹಾಕುತ್ತಿದ್ದಾರೆ. "ಪಾಪ, ಅಷ್ಟು ಕೂಗ್ತದೆ, ನಿಂಗೆ ಕಲ್ಲು ಮನಸ್ಸಾ?"

ಸ್ಕಿನ್ನರ್ ಹೇಳಿದ್ದು ಇದನ್ನೇ. ಪ್ರತಿ ಸಲ ಸಿಗುವುದಕ್ಕಿಂತ ಯಾವಾಗಲೋ ಒಮ್ಮೆ ಸಿಗುವ ಫಲ ಅಭ್ಯಾಸವನ್ನು ಜಾಸ್ತಿ ಗಟ್ಟಿ ಮಾಡುತ್ತದೆ. ಅತ್ತೆಗೆ ಸ್ಕಿನ್ನರ್ ಬೇಡ. "ಕುಟ್ಟ ದಾಟಿ ಹೋಗಿ ಕೇರಳ ಲಾಟರಿ ತರ್ತಾರಲ್ಲ ಅತ್ತೆ, ಒಂದ್ ಸಲ ಐನೂರು ಬಂದ್ರೆ ಜೀವಮಾನವೆಲ್ಲ ತರ್ತಾರೆ. ಮೆಣಸೂ ಹಂಗೇ" ಅಂದೆ. ಅವರ ತಮ್ಮನ ನೆನಪಾಗಿರಬೇಕು. ಮರುದಿನದಿಂದ ಅಡುಗೆಮನೆ ಬಾಗಿಲು ಹಾಕಿಕೊಂಡರು. ಇನ್ನೂ ನಾಲ್ಕು ದಿನಕ್ಕೆ ಕೂಗು ನಿಂತಿತು.

ಮಗಳು ಮಾಡಿದ ತಪ್ಪು ಬೇರೆ. ಸೋಫಾ ಪರಚಿದಾಗ ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸಿದಳು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಗೊತ್ತಲ್ಲ, ಒಂದು ಸಲ ಸುಡುವ ಹಾಲು ಕುಡಿಸಿದ್ದಕ್ಕೆ ಜನ್ಮದಲ್ಲಿ ಹಾಲು ಮುಟ್ಟಲಿಲ್ಲ. ಹೆದರಿಕೆ ಕಲಿಸಲು ಒಂದೇ ಪಾಠ ಸಾಕು. ಆದರೆ ಯಾವುದಕ್ಕೆ ಹೆದರಬೇಕು ಅಂತ ತೀರ್ಮಾನ ಮಾಡುವುದು ಬೆಕ್ಕು. ಮೆಣಸು ಸೋಫಾಗೆ ಹೆದರಲಿಲ್ಲ, ಮಗಳಿಗೆ ಹೆದರಿತು. ಎರಡು ದಿನ ಅವಳ ಕೋಣೆ ಕಡೆ ಹೋಗಲಿಲ್ಲ. ಸೋಫಾವನ್ನು ಅವಳು ಇಲ್ಲದಾಗ ಪರಚಿತು.

ಇನ್ನು ಕೈ ಕೊಡುವುದು. ನನಗೆ ಇಡೀ ಮಳೆಗಾಲದಲ್ಲಿ ಇಷ್ಟ ಆಗಿದ್ದು ಇದೇ.

ತುಂಡನ್ನು ಮುಷ್ಟಿಯಲ್ಲಿ ಮುಚ್ಚಿ ನೆಲದ ಹತ್ತಿರ ಹಿಡಿದೆ. ಮೆಣಸು ಬಂತು. ಮೂಸಿತು. ಬೆಕ್ಕಿಗೆ ಮೂಗಿನ ಬುಡದ್ದು ಮಂಜು ಮಂಜು. ಕೈ ಹತ್ತಿರ ಬಂದಾಗ ಮೀಸೆಯ ಎಳೆಗಳೆಲ್ಲ ಬೀಸಣಿಗೆ ತೆರೆದ ಹಾಗೆ ಮುಂದಕ್ಕೆ ಬಂದವು. ನನ್ನ ಬೆರಳಿನ ಗೆಣ್ಣುಗಳನ್ನು ಅವು ಒಂದೊಂದಾಗಿ ಮುಟ್ಟಿ ಎಣಿಸಿದವು. ಆಮೇಲೆ ನೆಕ್ಕಿತು, ಉಪ್ಪುಕಾಗದದಿಂದ ಉಜ್ಜಿದ ಹಾಗೆ. ನಾನು ಸುಮ್ಮನಿದ್ದೆ. ಹಲ್ಲು ತಾಗಿಸಿತು. ಸುಮ್ಮನಿದ್ದೆ. ಹಿಂದೆ ಸರಿದು ಕೂತು ಗೋಡೆ ನೋಡಿತು, ನನ್ನ ಪರಿಚಯವೇ ಇಲ್ಲ ಅನ್ನುವ ಹಾಗೆ. ಎದ್ದು ಹೋಯಿತು ಅಂದುಕೊಂಡೆ. ಹೋಗಲಿಲ್ಲ. ಬಲಗಾಲು ಎತ್ತಿತು. ಗಾಳಿಯಲ್ಲೇ ಒಂದು ಕ್ಷಣ ಹಿಡಿದು ಯೋಚಿಸಿತು. ಮೆಲ್ಲಗೆ ನನ್ನ ಮುಷ್ಟಿಯ ಮೇಲೆ ಇಟ್ಟಿತು. ಉಗುರು ಒಳಗೇ ಇತ್ತು. ಟಿಕ್.

ತುಂಡು ಕೊಟ್ಟದ್ದು ಇನ್ನೊಂದು ಕೈಯಿಂದ. ಅದೇ ಮುಷ್ಟಿ ಬಿಚ್ಚಿ ಕೊಟ್ಟರೆ ಕೈ ಕೆದಕಿದರೆ ಸಿಗುತ್ತದೆ ಅಂತ ಕಲಿಯುತ್ತದೆ. ಆಮೇಲೆ ದಿನಕ್ಕೆ ಒಂದಿಷ್ಟು ಮುಷ್ಟಿ ಮೇಲಕ್ಕೆ. ಆಮೇಲೆ ಖಾಲಿ ಅಂಗೈ. "ಕೈ ಕೊಡು" ಅನ್ನುವ ಮಾತು ಬಂದದ್ದು ಕಟ್ಟಕಡೆಗೆ, ಕೆಲಸ ಪಕ್ಕಾ ಆದ ಮೇಲೆ. ಮೊದಲೇ ಮಾತು ಹೇಳುತ್ತಾ ಹೋದರೆ ಅದು ಬರೀ ಗದ್ದಲ. ನಮ್ಮ ಒಂದನೇ ಕ್ಲಾಸಿನಲ್ಲಿ ನಾವು ಇದನ್ನು ಉಲ್ಟಾ ಮಾಡುತ್ತೇವೆ ಅಂತ ಒಂದು ಅನುಮಾನ ನನಗೆ ಬಂದಿದೆ, ಇರಲಿ.

ಸುತ್ತು ಹೊಡೆಯುವುದನ್ನು ಮಗಳು ಒಂದು ವಾರದಲ್ಲಿ ಕಲಿಸಿದಳು. ಬಳೆಯೊಳಗಿಂದ ಹಾರುವುದನ್ನೂ ಕಲಿಸಿ ನೋಡಿದೆವು, ಹಳೇ ಸೈಕಲ್ ಟೈರ್ ಹಿಡಿದು. ಅದು ಟೈರಿನ ಪಕ್ಕದಿಂದ ನಡೆದು ಬಂದು ತುಂಡು ಕೇಳಿತು. ನ್ಯಾಯವಾಗಿಯೇ ಇತ್ತು. ಬಿಟ್ಟೆವು.

ಜುಲೈ ಕೊನೆಗೆ ಮಳೆ ಎಷ್ಟು ಜೋರಾಯಿತು ಅಂದರೆ ಜಿಂಕ್ ಶೀಟಿನ ಕೆಳಗೆ ನನ್ನ ಮಾತೇ ನನಗೆ ಕೇಳದು, ಪೆನ್ನಿನ ಟಿಕ್ ಎಲ್ಲಿಂದ ಕೇಳಬೇಕು? ಜೊತೆಗೆ ಎರಡು ಕೈಗೂ ಕೆಲಸ. ಹಾಗಾಗಿ ಪೆನ್ನು ಬಿಟ್ಟು ನಾಲಿಗೆಯಿಂದ ಲೊಚಗುಟ್ಟಲು ಶುರು ಮಾಡಿದೆ. ಬಾಯಿ ಯಾವಾಗಲೂ ಜೊತೆಗೇ ಇರುತ್ತದೆ, ಇದರಷ್ಟು ಸಲೀಸು ಇನ್ನೊಂದಿಲ್ಲ ಅಂತ ಖುಷಿಯಾಗಿತ್ತು. ಎರಡೇ ದಿನಕ್ಕೆ ಮೆಣಸಿಗೆ ಹೊಸ ಸದ್ದು ಅಭ್ಯಾಸ ಆಯಿತು.

ಆಗಸ್ಟ್ ಮೊದಲ ವಾರ ಪಕ್ಕದ ತೋಟದ ಅಕ್ಕನ ದೊಡ್ಡಪ್ಪ ತೀರಿಕೊಂಡರು. ವಯಸ್ಸಾಗಿತ್ತು, ಆದರೂ ಸಾವು ಸಾವೇ. ದಿನ ಕಳೆದ ಮೇಲೆ ಅಕ್ಕ ನಮ್ಮ ಮನೆಗೆ ಬಂದರು, ಜೊತೆಗೆ ಅವರ ಕಡೆಯ ಇಬ್ಬರು ಹೆಂಗಸರು. ಹಾಲಿನಲ್ಲಿ ಕೂತು ಮಾತಾಡುತ್ತಿದ್ದೆವು. ಕೊನೆ ದಿನ ಗಂಜಿ ಕೂಡ ಇಳಿಯಲಿಲ್ಲ ಅಂತ ಅಕ್ಕ ಹೇಳಿದರು. ಅತ್ತೆ ಲೊಚಗುಟ್ಟಿದರು.

ಅಟ್ಟದಿಂದ ಮೆಣಸು ಇಳಿದು ಬಂತು. ಅತ್ತೆಯ ಮುಂದೆ ನೆಟ್ಟಗೆ ಕೂತಿತು.

ಯಾರೂ ಗಮನಿಸಲಿಲ್ಲ. ಮಗ ಬೆಂಗಳೂರಿನಿಂದ ಬರುವ ಹೊತ್ತಿಗೆ ಎಲ್ಲಾ ಮುಗಿದಿತ್ತು ಅಂತ ಅಕ್ಕ ಹೇಳಿದರು. ಬಂದವರಲ್ಲಿ ಒಬ್ಬರು ಲೊಚಗುಟ್ಟಿದರು. ಮೆಣಸು ಅವರ ಮುಂದೆ ಹೋಗಿ ಕೂತು, ಬಲಗಾಲು ಎತ್ತಿ ಅವರ ಮಂಡಿಯ ಮೇಲೆ ಇಟ್ಟಿತು. ಆಕೆಯ ಕಣ್ಣು ತುಂಬಿ ಬಂತು. "ನೋಡಿ, ಮೂಕ ಪ್ರಾಣಿಗೂ ಗೊತ್ತಾಗ್ತದೆ" ಅಂದರು. ಎಲ್ಲರೂ ಒಟ್ಟಿಗೆ ಲೊಚಗುಟ್ಟಿದರು. ಪಾಪ, ಮೆಣಸಿಗೆ ಯಾರ ಹತ್ತಿರ ಹೋಗಬೇಕು ಅಂತ ತಿಳಿಯದೆ ನಡುವೆ ನಿಂತು ಒಂದು ಸುತ್ತು ಹೊಡೆಯಿತು. ಮಗಳು ಬಾಯಿಗೆ ಕೈ ಹಿಡಿದು ಒಳಗೆ ಓಡಿದಳು. ನಾನು ಕಾಫಿ ತರುವ ನೆಪದಲ್ಲಿ ಎದ್ದೆ.

ನಿಜ ಹೇಳಲಿಲ್ಲ. ಈಗಲೂ ಹೇಳಿಲ್ಲ. ಅಕ್ಕ ಇವತ್ತಿಗೂ ಬಂದಾಗ ಅದಕ್ಕೆ ಏನಾದರೂ ತರುತ್ತಾರೆ.

ಆದರೆ ಆ ಸಂಜೆಯಿಂದ ಸದ್ದಿನ ಬೆಲೆ ಇಳಿಯಿತು. ಅಷ್ಟು ಜನ ಲೊಚಗುಟ್ಟಿ ಒಬ್ಬರೂ ತುಂಡು ಕೊಡಲಿಲ್ಲ, ಅದು ಹೇಗೆ ನಂಬುತ್ತದೆ? ನಾನು ಮತ್ತೆ ಕೆಂಪು ಪೆನ್ನಿಗೆ ಬಂದೆ. ಮಳೆ ಜೋರಾದರೆ ಒಳಕೋಣೆಗೆ ಹೋಗುತ್ತಿದ್ದೆವು.

ಪೆಟ್ಟಿಗೆಗೆ ಎಲ್ಲಕ್ಕಿಂತ ಜಾಸ್ತಿ ದಿನ ಹಿಡಿಯಿತು. ಅದರ ಮೇಲಿನ ಅರ್ಧ ಕಳಚಿ, ಕೆಳಗಿನ ಅರ್ಧಕ್ಕೆ ಅದೇ ಮಲಗುವ ಹಳೇ ಕಂಬಳಿ ಹಾಸಿ ಹಾಲಿನ ಮೂಲೆಯಲ್ಲಿ ಬಿಟ್ಟೆ. ಹತ್ತು ದಿನ ಅದು ಬರೀ ತಟ್ಟೆ ಇಡುವ ಜಾಗ. ಮೊದಲು ತಟ್ಟೆ ಒಂದು ಮಾರು ದೂರ, ಆಮೇಲೆ ಅಂಚಿನಲ್ಲಿ, ಆಮೇಲೆ ಒಳಗೆ. ಒಂದು ಬೆಳಿಗ್ಗೆ ನೋಡಿದರೆ ಒಳಗೆ ಸುರುಳಿ ಸುತ್ತಿ ಮಲಗಿದೆ. ಆಮೇಲೆ ಮೇಲಿನ ಅರ್ಧ ಕೂರಿಸಿದೆ, ಆಮೇಲೆ ಬಾಗಿಲು. ಬಾಗಿಲು ಹಾಕಿ ಟಿಕ್ ಅನಿಸಿ ತುಂಡು ಕೊಟ್ಟು ತಕ್ಷಣ ತೆರೆಯುವುದು. ಐದು ಸೆಕೆಂಡ್. ಅರ್ಧ ನಿಮಿಷ. ಎತ್ತಿ ಇಳಿಸುವುದು. ಜೀಪಿನಲ್ಲಿ ಇಟ್ಟು ಇಂಜಿನ್ ಶುರು ಮಾಡಿ ಆಫ್ ಮಾಡುವುದು. ಥಾರ್ನ್‌ಡೈಕ್ ಬೆಕ್ಕು ಪೆಟ್ಟಿಗೆಯಿಂದ ಹೊರಗೆ ಬರುವ ಹೊತ್ತು ಎಣಿಸಿದ. ನಾನು ಎಣಿಸಿದ್ದು ಒಳಗೆ ಇರುವ ಹೊತ್ತು. ಎಲ್ಲಾದರೂ ಅವಸರ ಮಾಡಿದ ದಿನ ಎರಡು ಮೆಟ್ಟಿಲು ಹಿಂದೆ ಹೋಗಬೇಕಾಯಿತು. ನಮ್ಮವರು ಒಮ್ಮೆ "ಸಾಕು, ಹೊರಡೋಣ" ಅಂತ ಗೇಟಿನ ತನಕ ಜೀಪ್ ಓಡಿಸಿಬಿಟ್ಟರು. ಅದಕ್ಕೆ ಒಂದು ವಾರ ದಂಡ ಕಟ್ಟಿದೆವು.

ಸೆಪ್ಟೆಂಬರ್‌ನಲ್ಲಿ ಬಿಸಿಲು ಬಿದ್ದ ಒಂದು ಶನಿವಾರ ಲಸಿಕೆಗೆ ಹೊರಟೆವು. "ಒಳಗೆ" ಅಂದೆ. ಮೆಣಸು ಎದ್ದು, ಮೈ ಮುರಿದು, ಪೆಟ್ಟಿಗೆ ಒಳಗೆ ಹೋಗಿ ಕೂತಿತು. ನಮ್ಮವರು ಮೊಣಕೈಯ ಹಳೇ ಗೆರೆ ಸವರಿಕೊಂಡರು. ದಾರಿಯುದ್ದಕ್ಕೂ ಸದ್ದಿಲ್ಲ, ತಿರುವುಗಳಲ್ಲಿ ಮಾತ್ರ ಒಂದೆರಡು ಮ್ಯಾಂವ್.

ಪಶು ಆಸ್ಪತ್ರೆಯಲ್ಲಿ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು ಬಾಗಿಲು ತೆರೆದೆವು. ಹೊರಗೆ ಬರಲಿಲ್ಲ. ಒಳಗೆ ಹೋಗುವುದನ್ನು ಕಲಿಸಿದ್ದೆ, ಹೊರಗೆ ಬರುವುದನ್ನು ಕಲಿಸಿರಲಿಲ್ಲ. ಕರೆದೆವು, ಪೆಟ್ಟಿಗೆ ಓರೆ ಮಾಡಿದೆವು. ಕಂಬಳಿಗೆ ಉಗುರು ಹಾಕಿ ಅಂಟಿಕೊಂಡಿತ್ತು. ಡಾಕ್ಟರು, "ಇರ್ಲಿ, ಆಮೇಲೆ ಮೇಲಿನ ಭಾಗ ತೆಗೆಯೋಣ. ಮೊದ್ಲು ಕಾರ್ಡ್ ಬರೀತೀನಿ" ಅಂದು ಜೇಬಿನಿಂದ ಪೆನ್ನು ತೆಗೆದು ಒತ್ತಿದರು. ಟಿಕ್.

ಮೊದಲು ಮೀಸೆ ಹೊರಗೆ ಬಂತು. ಆಮೇಲೆ ತಲೆ. ಮೆಣಸು ನಿಧಾನವಾಗಿ ಮೇಜಿನ ಮೇಲೆ ಬಂದು ಡಾಕ್ಟರ ಮುಂದೆ ಕೂತಿತು. ಕೂಗಲಿಲ್ಲ. ಬಲಗಾಲು ಎತ್ತಿ ಅವರು ಬರೆಯುತ್ತಿದ್ದ ಕೈಯ ಮೇಲೆ ಇಟ್ಟಿತು. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಮೆಣಸೂ ನನ್ನ ಕಡೆ ನೋಡಿತು.

ನಾನು ಬ್ಯಾಗಿನಲ್ಲಿ ಕೈ ಹಾಕಿದೆ. ಕೋಳಿಯ ಡಬ್ಬ ಮನೆಯಲ್ಲೇ, ಫ್ರಿಜ್ಜಿನ ಮೇಲೆ ಉಳಿದಿತ್ತು.

"ಬೇಗ ಇಂಜೆಕ್ಷನ್ ಹಾಕ್ಬಿಡಿ ಸಾರ್" ಅಂದರು ನಮ್ಮವರು, ಎರಡು ಹೆಜ್ಜೆ ಹಿಂದೆ ಸರಿದು.